ಸ್ಲೈಡು ಮಗುಚುವ ಪರಿ

ಪವರ್‌ಪಾಯಿಂಟ್‌ನಂಥ ತಂತ್ರಾಂಶದಲ್ಲಿ ಒಂದು ಸ್ಲೈಡ್ ಹೋಗಿ ಇನ್ನೊಂದು ಬರುವಾಗ ಪರದೆಯ ಮೇಲೆ ಕಾಣುವ ಚಲನೆಗೆ ಟ್ರಾನ್ಸಿಶನ್ ಎಂದು ಹೆಸರು. ಸ್ಲೈಡಿನೊಳಗೆ ಅಕ್ಷರ, ಚಿತ್ರಗಳು ಓಡಾಡುವುದು ಅನಿಮೇಶನ್, ಅದು ಬೇರೆ. 2010ರ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಎರಡಕ್ಕೂ ಪ್ರತ್ಯೇಕ ಟ್ಯಾಬ್ ಕೊಟ್ಟಿತಾದರೂ ಬಳಸುವವರ ಬಾಯಲ್ಲಿ ಇವತ್ತಿಗೂ ಎರಡೂ ‘ಎಫೆಕ್ಟ್’ಗಳೇ.

1987ರಲ್ಲಿ ಮ್ಯಾಕಿಂಟಾಷ್‌ಗೆಂದು ಬಂದ ಮೊದಲ ಪವರ್‌ಪಾಯಿಂಟ್‌ಗೆ ಇದರ ಗೊಡವೆಯೇ ಇರಲಿಲ್ಲ. ಓವರ್‌ಹೆಡ್ ಪ್ರೊಜೆಕ್ಟರ್‌ಗೆ ಬೇಕಾದ ಕಪ್ಪು-ಬಿಳುಪು ಹಾಳೆಗಳನ್ನು ಸಿದ್ಧಪಡಿಸುವುದಷ್ಟೇ ಅದರ ಕೆಲಸ. ಗಾಜಿನ ಮೇಲಿನ ಹಾಳೆ ಎತ್ತಿ ಇನ್ನೊಂದನ್ನು ಇಡುವ ಕೈಯೇ ಅಲ್ಲಿ ಟ್ರಾನ್ಸಿಶನ್. 35 ಮಿ.ಮೀ. ಸ್ಲೈಡ್ ಪ್ರೊಜೆಕ್ಟರ್‌ನಲ್ಲಾದರೆ ಖಟಕ್ಕೆಂಬ ಸದ್ದು, ಅರೆಗಳಿಗೆಯ ಕತ್ತಲು. ಮಾತಾಡುವವರು ಉಸಿರೆಳೆದುಕೊಳ್ಳುತ್ತಿದ್ದುದು ಆ ಕತ್ತಲಲ್ಲೇ. 1992ರ 3.0 ಆವೃತ್ತಿ ಕಂಪ್ಯೂಟರ್‌ನಿಂದ ನೇರವಾಗಿ ಪರದೆಗೆ ತೋರಿಸುವ ಅನುಕೂಲ ತಂದಾಗ ಕೈಯೂ ಹೋಯಿತು, ಕತ್ತಲೂ ಹೋಯಿತು. ಆ ತೆರವಿಗೆ ಸಿನಿಮಾ ಸಂಕಲನದ ಚಲನೆಗಳಾದ ಮೆಲ್ಲನೆ ಮೂಡುವ ಫೇಡ್, ಹಳೆಯ ದೃಶ್ಯವನ್ನು ಒರೆಸಿಕೊಂಡು ಹೋಗುವ ವೈಪ್, ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಡಿಸಾಲ್ವ್‌ಗಳು ಬಂದು ಕೂತವು.

ಬಂದದ್ದು ಚಲನೆ ಮಾತ್ರ, ಅದರ ಅರ್ಥ ಸಿನಿಮಾದಲ್ಲೇ ಉಳಿಯಿತು. ಅಲ್ಲಿ ಡಿಸಾಲ್ವ್ ಕಂಡರೆ ಕಾಲ ಸರಿದಿದೆ ಎಂದು ಪ್ರೇಕ್ಷಕರಿಗೆ ತಿಳಿಯುತ್ತದೆ. ಜಪಾನಿನ ನಿರ್ದೇಶಕ ಕುರೊಸಾವಾ ಅವರ ಚಿತ್ರದಲ್ಲಿ ವೈಪ್ ಬಂದರೆ ಒಂದು ಪ್ರಸಂಗ ಮುಗಿಯಿತೆಂದು ಲೆಕ್ಕ. ಬರವಣಿಗೆಯಲ್ಲಿ ‘ಆದರೆ’, ‘ಹಾಗಾಗಿ’, ‘ಅಷ್ಟರಲ್ಲಿ’ ಮಾಡುವ ಕೆಲಸವನ್ನು ಅವು ಮಾಡುತ್ತವೆ. ಸ್ಲೈಡ್ ಜೋಡಿಸುವವರು ಮಾತ್ರ ಪಟ್ಟಿಯಲ್ಲಿ ಚೆಂದ ಕಂಡದ್ದನ್ನು ಒತ್ತುತ್ತಾರೆ. ಪ್ರತಿ ವಾಕ್ಯದ ಆರಂಭದಲ್ಲೂ ಕಣ್ಣುಮುಚ್ಚಿ ಒಂದೊಂದು ‘ಆದರೆ’, ‘ಹಾಗಾಗಿ’ ಸೇರಿಸಿದ ಲೇಖನದಂತೆ ಆಗುತ್ತದೆ ಅದು. ‘ರ‍್ಯಾಂಡಮ್’ ಎಂಬ ಆಯ್ಕೆಯಂತೂ ಆ ಸೇರಿಸುವ ಶ್ರಮವನ್ನೂ ಯಂತ್ರಕ್ಕೇ ಬಿಟ್ಟುಕೊಡುತ್ತದೆ.

ಅಲಂಕಾರದ ಬೆಲೆ ಸಮಯದಲ್ಲೂ ತೆರಬೇಕು. ವೋರ್ಟೆಕ್ಸ್ ಹಾಕಿದರೆ ಸ್ಲೈಡ್ ಪುಡಿಪುಡಿಯಾಗಿ ಸುಳಿಯಲ್ಲಿ ಸುತ್ತಿ ಹೋಗಲು ನಾಲ್ಕು ಸೆಕೆಂಡಿನಷ್ಟು ಹಿಡಿಯುತ್ತದೆ. ಮೂವತ್ತು ಸ್ಲೈಡ್‌ಗಳಿಗೆ ಎರಡು ನಿಮಿಷ ಅದಕ್ಕೇ ಸಂದಾಯ. ಒರಿಗಾಮಿಯಲ್ಲಿ ಸ್ಲೈಡ್ ಮಡಚಿಕೊಂಡು ಹಕ್ಕಿಯಾಗಿ ರೆಕ್ಕೆ ಬಡಿಯುತ್ತ ಹಾರಿಹೋಗುತ್ತದೆ. ಮೊದಲ ಸಲ ಸಭೆಯಲ್ಲಿ ನಗು. ನಷ್ಟದ ಅಂಕಿಗಳಿದ್ದ ಸ್ಲೈಡ್ ಹಕ್ಕಿಯಾಗಿ ಹಾರಿದ ಮೇಲೆ ಉಳಿಯುವುದು ಹಕ್ಕಿಯ ನೆನಪೇ ಹೊರತು ನಷ್ಟದ್ದಲ್ಲ. ಜತೆಗೆ ಚಪ್ಪಾಳೆ, ಗಲ್ಲಾಪೆಟ್ಟಿಗೆ, ಬಾಂಬುಗಳ ಸದ್ದನ್ನೂ ಸೇರಿಸುವ ಸೌಲಭ್ಯವಿದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಅರ್ಥ ಹೊರುವ ಚಲನೆಗಳೂ ಇಲ್ಲದಿಲ್ಲ. ಪುಶ್‌ನಲ್ಲಿ ಹೊಸ ಸ್ಲೈಡ್ ಹಳೆಯದನ್ನು ಒತ್ತರಿಸಿಕೊಂಡು ಬರುತ್ತದೆ. ಒಂದೇ ಉದ್ದನೆಯ ಕಾಲರೇಖೆಯನ್ನು ಎರಡು ಸ್ಲೈಡಿಗೆ ತುಂಡರಿಸಿ ಬಲದಿಂದ ಪುಶ್ ಕೊಟ್ಟರೆ ಎರಡೂ ಒಂದೇ ಗೋಡೆಯ ಮೇಲಿನ ಚಿತ್ರದಂತೆ ಕಾಣುತ್ತವೆ. ಕಣ್ಣು ತಾನೇ ಮುಂದೆ ನಡೆದಂತೆ ಭಾಸವಾಗುತ್ತದೆ.

ಇನ್ನೂ ಮೇಲಿನದು ಮಾರ್ಫ್. ಎರಡು ಸ್ಲೈಡಿನಲ್ಲೂ ಇರುವ ಒಂದೇ ವಸ್ತುವನ್ನು ಜೋಡಿಯೆಂದು ಗುರುತಿಸಿ, ಹಳೆಯ ಜಾಗ, ಗಾತ್ರದಿಂದ ಹೊಸದಕ್ಕೆ ನಯವಾಗಿ ಸಾಗಿಸುವುದು ಅದರ ಕೆಲಸ. ಆ್ಯಪಲ್‌ನ ಕೀನೋಟ್‌ನಲ್ಲಿ 2009ರಲ್ಲೇ ‘ಮ್ಯಾಜಿಕ್ ಮೂವ್’ ಎಂಬ ಹೆಸರಿನಲ್ಲಿದ್ದ ಬಗೆಯದು, 2015ರಲ್ಲಿ ಪವರ್‌ಪಾಯಿಂಟ್‌ಗೂ ಬಂತು. ಕಾವೇರಿ ಕೊಳ್ಳದ ನಕ್ಷೆಯಿರುವ ಸ್ಲೈಡನ್ನು ನಕಲು ಮಾಡಿ, ನಕಲಿನಲ್ಲಿ ಕೃಷ್ಣರಾಜಸಾಗರದ ಭಾಗ ಪರದೆ ತುಂಬುವಂತೆ ಹಿಗ್ಗಿಸಿ ಮಾರ್ಫ್ ಕೊಟ್ಟರೆ, ನೋಡುವವರು ತಲಕಾವೇರಿಯಿಂದ ಸಮುದ್ರದವರೆಗಿನ ಹರಹನ್ನು ಬಿಡದೆ ಅಣೆಕಟ್ಟೆಯ ಹತ್ತಿರ ಇಳಿಯುತ್ತಾರೆ. ‘ಇದು ಅದರೊಳಗಿನ ಭಾಗ’ ಎಂದು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ತಂತ್ರಾಂಶ ಜೋಡಿಯನ್ನು ಗುರುತಿಸದಿದ್ದರೆ, ಸ್ಲೈಡಿನ ವಸ್ತುಗಳ ಪಟ್ಟಿ ತೋರಿಸುವ ಸೆಲೆಕ್ಷನ್ ಪೇನ್‌ನಲ್ಲಿ ಎರಡೂ ಸ್ಲೈಡಿನ ವಸ್ತುವಿಗೆ ಎರಡು ಆಶ್ಚರ್ಯಸೂಚಕ ಚಿಹ್ನೆಗಳಿಂದ ಶುರುವಾಗುವ ಒಂದೇ ಹೆಸರು ಕೊಡಬೇಕು. ಆಗ ವೃತ್ತ ಚೌಕವಾಗಿಯೂ ಮಾರ್ಪಡುತ್ತದೆ. ಪಟ್ಟಿಯಲ್ಲಿರುವ ಹತ್ತಾರು ಚಲನೆಗಳಲ್ಲಿ ಕಲಿಯಲು ಸಮಯ ಕೊಡಬೇಕಾದದ್ದು ಇದೊಂದಕ್ಕೇ ಎಂದರೂ ತಪ್ಪಲ್ಲ.

ಮಿಕ್ಕ ಕಡೆಗೆ ಒಂದು ಸೆಕೆಂಡೂ ಹಿಡಿಯದ ಫೇಡ್ ಸಾಕು, ಅಥವಾ ಏನೂ ಬೇಡ. ಇಡೀ ಕಡತಕ್ಕೆ ಒಂದೇ ಫೇಡ್ ಹಾಕಿ, ವಿಷಯ ಬದಲಾಗುವ ಎರಡು-ಮೂರು ಕಡೆ ಮಾತ್ರ ಬೇರೆಯದನ್ನು ಇಟ್ಟರೆ ಆ ಬದಲಾವಣೆಗೆ ಬೆಲೆ ಬರುತ್ತದೆ. ದೊಡ್ಡ ಪರದೆಯ ಮೇಲೆ ಗಿರ್ರನೆ ತಿರುಗುವ, ನುಗ್ಗಿ ಬರುವ ಚಲನೆಯಿಂದ ತಲೆಸುತ್ತು, ವಾಕರಿಕೆ ಬರುವವರೂ ಸಭೆಯಲ್ಲಿರುತ್ತಾರೆ ಎಂಬುದು ಇನ್ನೊಂದು ಕಾರಣ.

ಸ್ಲೈಡ್ ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದೂ ಮುಖ್ಯ. ಆನ್‌ಲೈನ್ ಸಭೆಯಲ್ಲಿ ಪರದೆ ಹಂಚಿಕೊಂಡಾಗ ಇಂಟರ್‌ನೆಟ್ ನಿಧಾನವಿದ್ದರೆ ನಯವಾದ ಮಾರ್ಫ್ ಕೂಡ ಎರಡು-ಮೂರು ಕುಕ್ಕುಗಳಲ್ಲಿ ಎಗರಿ ಮುಗಿಯುತ್ತದೆ. ಮಾರ್ಫ್ ಇಲ್ಲದ ಹಳೆಯ ಆವೃತ್ತಿಯಲ್ಲಿ ಅದರ ಬದಲು ಫೇಡ್ ಕಾಣುತ್ತದೆ. ಪಿಡಿಎಫ್ ಮಾಡಿ ಕಳಿಸಿದರೆ ಚಲನೆ ಪೂರ್ತಿ ಮಾಯ. ಕೊಳ್ಳದ ನಕ್ಷೆ ಒಂದು ಪುಟ, ಅಣೆಕಟ್ಟೆ ಮುಂದಿನ ಪುಟ. ಅಂಥ ಓದುಗರಿಗಾಗಿ ಎರಡನೆಯ ಪುಟದ ಮೂಲೆಯಲ್ಲಿ ಪುಟ್ಟ ಪೂರ್ಣ ನಕ್ಷೆಯೊಂದನ್ನಿಟ್ಟು, ಅಣೆಕಟ್ಟೆಯ ಜಾಗಕ್ಕೆ ಚೌಕ ಎಳೆದಿಡಬೇಕಾಗುತ್ತದೆ.