ದಾಸೋಹವೋ ಆತಿಥ್ಯವೋ: ಬೆನೆಡಿಕ್ಟನ ನಿಯಮವನ್ನು ಕುರಿತು ಒಂದು ವಿಚಾರ

ಕ್ರೈಸ್ತ ಸಂನ್ಯಾಸಿನಿಯರ ಮಠಗಳ ಅತಿಥಿಸತ್ಕಾರವನ್ನು ಕನ್ನಡದಲ್ಲಿ ವಿವರಿಸಹೊರಟವರಿಗೆ ‘ದಾಸೋಹ’ವೆಂಬ ಪದವು ಅನಾಯಾಸವಾಗಿ ದೊರೆಯುತ್ತದೆ. ಹರಿಹರದ ಬಳಿಯ ಭಾನುವಳ್ಳಿಯಂಥ ಊರಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯು ಮಠದ ಪಂಕ್ತಿಯನ್ನೂ ಬಲ್ಲನು. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಉತ್ಸವಕ್ಕೆ ಮತಭೇದವಿಲ್ಲದೆ ನೆರೆಯುವ ಜನರನ್ನೂ ಬಲ್ಲನು. ಎರಡಕ್ಕೂ ಒಂದೇ ಮಾತನ್ನು ಬಳಸುವುದು ಅವನಿಗೆ ಸಹಜ. ಆದರೆ ಈ ಪ್ರಯೋಗವು ಸಾಧುವೇ ಎಂಬುದು ವಿಚಾರಾರ್ಹವಾಗಿದೆ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ರಚಿಸಿದ ನಿಯಮಗ್ರಂಥದಲ್ಲಿ 73 ಅಧ್ಯಾಯಗಳಿವೆ. 53ನೆಯದು ಅತಿಥಿಗಳಿಗೆ ಮೀಸಲು. ಬಂದವನನ್ನು ಕ್ರಿಸ್ತನೆಂದೇ ಭಾವಿಸಿ ತಲೆಬಾಗಬೇಕು, ಕಾಲು ತೊಳೆಯಬೇಕು. ಮಠಾಧಿಪತಿಯು ಅತಿಥಿಗಾಗಿ ತನ್ನ ಉಪವಾಸವನ್ನೂ ಮುರಿಯಬಹುದು. ಬಡವರಿಗೂ ಯಾತ್ರಿಕರಿಗೂ ಹೆಚ್ಚಿನ ಆದರ ಸಲ್ಲಬೇಕು; ಶ್ರೀಮಂತರ ವಿಷಯದಲ್ಲಿ ವಿಧಿ ಬೇಕಿಲ್ಲ, ಅವರ ಭಯವೇ ಅವರಿಗೆ ಮರ್ಯಾದೆಯನ್ನು ತಂದುಕೊಡುತ್ತದೆ. (ಈ ಒಣನಗೆಯನ್ನು ಧರ್ಮಗ್ರಂಥವೆಂಬ ಗೌರವದಿಂದ ಓದುವವರು ಗಮನಿಸದೆ ಹೋಗುವುದುಂಟು.) ಅತಿಥಿಗಳು ಹೊತ್ತಲ್ಲದ ಹೊತ್ತಿನಲ್ಲಿ ಬರುವರಾದುದರಿಂದ ಅವರಿಗೆ ಪ್ರತ್ಯೇಕ ಅಡುಗೆಮನೆ ಇರಬೇಕೆಂದೂ ಹೇಳಿದೆ. ತಿಥಿ ಗೊತ್ತುಮಾಡದೆ ಬರುವವನೇ ಅತಿಥಿ ಎಂಬ ನಮ್ಮ ಸಾಂಪ್ರದಾಯಿಕ ವ್ಯುತ್ಪತ್ತಿಯು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಇಷ್ಟೆಲ್ಲ ಹೇಳಿದ ಮೇಲೆ, ಅಪ್ಪಣೆಯಿಲ್ಲದವರು ಅತಿಥಿಯೊಡನೆ ಮಾತನಾಡಕೂಡದು, ಎದುರಾದರೆ ವಂದಿಸಿ ಮುಂದೆ ಸಾಗಬೇಕು ಎಂಬ ಕಟ್ಟಳೆಯೂ ಇದೆ.

ಪುರುಷರಿಗಾಗಿ ಬರೆದ ಈ ಗ್ರಂಥವನ್ನು ಸ್ತ್ರೀಯರೂ ಶತಮಾನಗಳಿಂದ ಆಚರಿಸಿಕೊಂಡು ಬಂದಿದ್ದಾರೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಶಾಂತಿನಿಲಯವು ಅಂಥದೊಂದು ಮಠ. ಇಂಗ್ಲೆಂಡಿನ ವೈಟ್ ದ್ವೀಪದ ರೈಡ್ ಎಂಬಲ್ಲಿರುವ ಸಂತ ಸಿಸಿಲಿಯಾ ಮಠವು ಅದರ ಮೂಲ. ಈ ಬಗೆಯ ಮಠಗಳಲ್ಲಿ ಸಂನ್ಯಾಸಿನಿಯರು ಆವರಣದೊಳಗೆ ಇರುವವರು. ಅತಿಥಿಯ ಕೊಠಡಿಯು ಅದರಾಚೆಗೆ. ಒಳಗೆ ಬಿಡದ ಮನೆಯದು ಎಂಥ ಸತ್ಕಾರವೆಂದು ಆಕ್ಷೇಪಿಸಬಹುದು. ಆದರೆ ಅವರ ದಿನವನ್ನು ವಿಭಾಗಿಸುವ ಪ್ರಾರ್ಥನೆಯ ಹೊತ್ತುಗಳಿಗೆ ದೇವಾಲಯದಲ್ಲಿ ಅತಿಥಿಗೂ ಸ್ಥಳವುಂಟು. ತಮ್ಮ ಬದುಕಿನಲ್ಲಿ ಮುಖ್ಯವೆನಿಸಿದುದನ್ನೇ ಅವರು ಬಂದವರೊಡನೆ ಹಂಚಿಕೊಳ್ಳುತ್ತಾರೆ; ಮಾತುಕತೆಯನ್ನಲ್ಲ.

ದಾಸೋಹದ ಜಾಡು ಬೇರೆ. ಜಂಗಮನಲ್ಲಿ ಲಿಂಗವನ್ನು ಕಾಣುವುದು ಅತಿಥಿಯಲ್ಲಿ ಕ್ರಿಸ್ತನನ್ನು ಕಾಣುವುದಕ್ಕೆ ಸಮೀಪವೇ ಸರಿ. ಆದರೆ ದಾಸೋಹವು ಕಾಯಕದ ಫಲ. ನೀಡುವವನು ತಾನು ದುಡಿದುದನ್ನು ನೀಡಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಹೆಂಡತಿ ಆಯ್ದಕ್ಕಿ ಲಕ್ಕಮ್ಮ. ಬೆನೆಡಿಕ್ಟನ ಮಠದಲ್ಲಾದರೋ ಉಗ್ರಾಣವಿದೆ, ಅದಕ್ಕೊಬ್ಬ ಅಧಿಕಾರಿಯೂ ಇದ್ದಾನೆ. ಆದರೆ ಯಾರೊಬ್ಬರಿಗೂ ಸ್ವಂತವೆಂಬುದು ಏನೂ ಇಲ್ಲ. ಅಲ್ಲಿಯ ಸಂನ್ಯಾಸಿನಿಗೆ ‘ನನ್ನದು’ ಎಂದು ನೀಡಲು ಒಂದು ಹಿಡಿ ಅಕ್ಕಿಯೂ ಇರುವುದಿಲ್ಲ. ಆದುದರಿಂದ ಆಕೆಯ ಸತ್ಕಾರವನ್ನು ದಾಸೋಹವೆಂದರೆ ಲಕ್ಕಮ್ಮನ ನಿಷ್ಠುರತೆಯೂ ಮಸಕಾಗುತ್ತದೆ, ಸಂನ್ಯಾಸಿನಿಯ ನಿರ್ಮಮತೆಯೂ ಮರೆಯಾಗುತ್ತದೆ. ‘ಆತಿಥ್ಯ’ವು ಸವೆದ ಪದವಾದರೂ ಇಲ್ಲಿ ಅದೇ ಲೇಸು.

ಲಕ್ಕಮ್ಮನ ಪಕ್ಕದಲ್ಲಿಟ್ಟು ನೋಡತಕ್ಕ ಕಥೆಯೊಂದು ಆ ಪರಂಪರೆಯಲ್ಲಿಯೂ ಉಂಟು. ಬೆನೆಡಿಕ್ಟನ ತಂಗಿ ಸ್ಕೊಲಾಸ್ಟಿಕಾ ವರ್ಷಕ್ಕೊಮ್ಮೆ ಅಣ್ಣನನ್ನು ಕಾಣಲು ಬರುವಳು. ಮಠದ ಹೊರಗಿನ ಮನೆಯೊಂದರಲ್ಲಿ ಅವರ ಭೇಟಿ. ಒಮ್ಮೆ ಸಂಜೆಯಾದಾಗ, ಇರುಳೆಲ್ಲ ಇಲ್ಲಿಯೇ ಇದ್ದು ಮಾತನಾಡೆಂದು ಆಕೆ ಬೇಡಿದಳು. ಮಠದ ಹೊರಗೆ ರಾತ್ರಿ ಕಳೆಯಲಾರೆನೆಂದು ಅವನು ನಿರಾಕರಿಸಿದನು. ಆಕೆ ತಲೆಬಾಗಿ ಪ್ರಾರ್ಥಿಸಲು ಬಿರುಮಳೆ ಸುರಿದು ಅವನು ನಿಲ್ಲಲೇಬೇಕಾಯಿತು. ಹೆಚ್ಚು ಪ್ರೀತಿಸಿದವಳಾದುದರಿಂದ ಆಕೆಯ ಮಾತು ನಡೆಯಿತೆಂಬುದು ಈ ಕಥೆಯನ್ನು ಬರೆದಿಟ್ಟ ಪೋಪ್ ಗ್ರೆಗೊರಿಯ ಅಭಿಪ್ರಾಯ. ಲಕ್ಕಮ್ಮನು ಗಂಡನಿಗೆ ಮಿತಿಯನ್ನು ತೋರಿಸಿದಳು, ಈಕೆ ಅಣ್ಣನ ಮಿತಿಯನ್ನು ಮುರಿದಳು. ಇಬ್ಬರೂ ಕಟ್ಟಳೆಯನ್ನು ಕಟ್ಟಿದ ಗಂಡಸಿಗಿಂತ ಅದರ ಉದ್ದೇಶವನ್ನು ಚೆನ್ನಾಗಿ ಅರಿತವರು. ಗ್ರೆಗೊರಿಯು ಮುಂದುವರಿದು ಹೇಳುವಂತೆ, ಬೆಳಗಾದ ಮೇಲೆ ಇಬ್ಬರೂ ತಮ್ಮ ತಮ್ಮ ನೆಲೆಗೆ ಹಿಂದಿರುಗಿದರು. ಮೂರು ದಿನಗಳಲ್ಲಿ ಆಕೆ ತೀರಿಕೊಂಡಳು.