ಗಡ್ಡಪ್ಪನಿಗೆ ರಜೆ ಕೊಟ್ಟವರ್ಯಾರು?

‘ತಿಥಿ’ ಸಿನಿಮಾ ಬಂದು ಇಷ್ಟು ವರ್ಷ ಆದ್ರೂ ಗಡ್ಡಪ್ಪ ನಮ್ಮ ವಾಟ್ಸ್ಯಾಪ್ ಗುಂಪುಗಳಿಂದ ಇಳಿದಿಲ್ಲ. ಸೋಮವಾರ ಬೆಳಗ್ಗೆ ಯಾರಾದ್ರೂ ಒಬ್ರು ಆ ಬಿಳಿ ಗಡ್ಡದ ಫೋಟೋ ಹಾಕಿ, ಬದುಕಿದ್ರೆ ಹೀಗೆ ಬದುಕಬೇಕು ಗುರೂ ಅಂತಾರೆ. ಕೆಲಸ ಬಿಟ್ಟು ಊರಿಗೆ ಹೋಗಿ ಅರಾಮಾಗಿರೋ ಕನಸಿಗೆ ಅವನೇ ಬ್ರಾಂಡ್ ಅಂಬಾಸಡರ್. ಊರಲ್ಲೇ ಬೆಳೆದ ನನಗೆ ಈ ಓದು ಯಾಕೋ ಒಪ್ಪಿಗೆಯಾಗಲ್ಲ. ಸಿನಿಮಾ ಹೇಳ್ತಿರೋದು ಬೇರೆ.

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆ ಗೊತ್ತಿಲ್ಲದ ಹಳ್ಳಿ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ ಚಿತ್ರ ಇದು. ಬರವಣಿಗೆಯಲ್ಲಿ ಜೊತೆಯಾದವರು ಈರೇಗೌಡರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು, 2016ರಲ್ಲಿ ನಮ್ಮ ಥಿಯೇಟರಿಗೆ ಬಂತು. ಕಥೆ ನಿಮಗೆ ಗೊತ್ತೇ ಇರುತ್ತೆ. 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ, ಹನ್ನೊಂದನೇ ದಿನಕ್ಕೆ ತಿಥಿ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ಮಾರಬೇಕು. ಮರಿಮಗ ಅಭಿಗೆ ಕುರಿ ಕಾಯೋ ಹುಡುಗಿಯ ಹಿಂದೆ ಸುತ್ತಬೇಕು.

ಈಗ ತಮ್ಮಣ್ಣನನ್ನ ನೋಡಿ. ಜಮೀನು ಅಪ್ಪನ ಹೆಸರಿಗೆ ಬರಬೇಕು, ಅಪ್ಪನೋ ಆಫೀಸಿನ ಕಡೆ ತಲೆ ಹಾಕಲ್ಲ. ಹಾಗಾಗಿ ಜೀವಂತ ಇರೋ ಅಪ್ಪನ ಹೆಸರಲ್ಲಿ ಡೆತ್ ಸರ್ಟಿಫಿಕೇಟ್ ಮಾಡಿಸೋಕೆ ಓಡಾಡ್ತಾನೆ. ಅದಕ್ಕೆ ದುಡ್ಡು, ದುಡ್ಡಿಗೆ ಬಡ್ಡಿ ಸಾಲ. ಇತ್ತ ಊರಿಗೆಲ್ಲ ಬಾಡೂಟ ಹಾಕಿಸಬೇಕು. ಅಪ್ಪನ ಕೈಗೆ ದುಡ್ಡು ಕೊಟ್ಟು ದೇಶ ಸುತ್ತಿಕೊಂಡು ಬಾ ಅಂತ ಕಳಿಸೋದೂ ಅವನೇ. ಅವನು ಮೋಸಗಾರ, ಸರಿ. ಆದ್ರೆ ಹನ್ನೊಂದು ದಿನದಲ್ಲಿ ಆ ಮನುಷ್ಯ ಒಂದು ಕಡೆ ಕೂತಿದ್ದು ನನಗಂತೂ ನೆನಪಿಲ್ಲ. ನಾವು ನಕ್ಕಿದ್ದು ಅವನನ್ನ ನೋಡಿ, ಚಪ್ಪಾಳೆ ಹೊಡೆದಿದ್ದು ಗಡ್ಡಪ್ಪನಿಗೆ. ಇಎಂಐ ಕಟ್ಟೋ ನಾವು ನಿಜಕ್ಕೂ ಯಾರ ಥರ ಇದೀವಿ ಅನ್ನೋದು ಟಿಕೆಟ್ ತಗೊಳ್ಳುವಾಗಲೇ ಗೊತ್ತಿತ್ತು.

ಗಡ್ಡಪ್ಪನ ಸುಖದ ಬಗ್ಗೆಯೂ ಒಂದು ಮಾತು. ಕೈಯಲ್ಲಿ ಟೈಗರ್ ಬ್ರಾಂಡಿ, ಕೂತಲ್ಲಿ ಹುಲಿ-ಕುರಿ ಆಟ, ಉಳಿದಂತೆ ಸುಮ್ಮನೆ ನಡಿಗೆ. ಕ್ಯಾಮೆರಾ ಕೂಡ ಅವನ ಹಿಂದೆ ಅವಸರ ಇಲ್ಲದೆ ಹೋಗುತ್ತೆ, ಅದು ನೋಡೋಕೆ ಚೆಂದ. ಆದ್ರೆ ಕುರಿಗಾಹಿಗಳ ಜೊತೆ ಬೆಂಕಿ ಮುಂದೆ ಕೂತು ಅವನು ತನ್ನ ಸಂಸಾರದ ಕಥೆ ಹೇಳ್ತಾನಲ್ಲ, ಅದನ್ನ ಯಾರೂ ವಾಟ್ಸ್ಯಾಪಿಗೆ ಹಾಕಲ್ಲ. ನೋಡದವರಿಗಾಗಿ ಬಿಡಿಸಿ ಹೇಳೋದಿಲ್ಲ. ಅದನ್ನ ಕೇಳಿದ ಮೇಲೆ ಆ ಅಲೆದಾಟ ಅರಾಮಿನಂತೆ ಕಾಣಲ್ಲ. ಮನೆಯ ಕಡೆ ಮುಖ ಹಾಕಲಾರದವನು ರಸ್ತೆಯಲ್ಲೇ ಉಳಿದುಬಿಟ್ಟಂತೆ ಕಾಣುತ್ತೆ. ಅದನ್ನೇ ನಾವು ‘ಚಿಲ್’ ಅಂತ ಕರೀತಿದೀವಿ.

ಒಂದು ವಿಷಯದಲ್ಲಿ ಮಾತ್ರ ಅವನು ನಮಗಿಂತ ಶ್ರೀಮಂತ. ಹುಲಿ-ಕುರಿ ಆಟ ಆಡೋಕೆ ಎದುರಿಗೆ ಇನ್ನೊಬ್ಬ ಬೇಕು, ಅವನಿಗೂ ಪುರುಸೊತ್ತು ಇರಬೇಕು. ಮಂಡ್ಯದ ಕಡೆ ಕಬ್ಬು ಹಾಕಿದ್ರೆ ಬೆಳೆ ಕೈಗೆ ಬರೋಕೆ ಹತ್ತಿರ ಹತ್ತಿರ ವರ್ಷ. ನೀರು, ಗೊಬ್ಬರ, ಕಳೆ ಅಂತ ಮೈಮುರಿಯೋ ಕೆಲಸದ ನಡುವೆ ಬಿಡುವೂ ಸಿಗುತ್ತೆ, ಅದು ಅಕ್ಕಪಕ್ಕದವರಿಗೆಲ್ಲ ಒಟ್ಟಿಗೇ ಸಿಗುತ್ತೆ. ನಮ್ಮ ರಜೆ ಹಾಗಲ್ಲ. ನನಗೆ ಶುಕ್ರವಾರ ರಜೆ ಸಿಕ್ಕರೆ ಗೆಳೆಯನಿಗೆ ಅವತ್ತೇ ರಿಲೀಸ್. ಕ್ಯಾಲೆಂಡರಿನಲ್ಲಿ ‘ಮೀ ಟೈಮ್’ ಅಂತ ಒಂದು ಗಂಟೆ ಬ್ಲಾಕ್ ಮಾಡಿ, ಒಬ್ಬನೇ ಕೂತು ಗಡ್ಡಪ್ಪನ ಕ್ಲಿಪ್ ನೋಡೋದು!

ಚಿತ್ರದ ಮೇಲೆ ನನಗಿರೋ ತಕರಾರು ಒಂದೇ. ಇಲ್ಲಿ ಅಲೆಯೋರು, ಕುಡಿಯೋರು, ಹುಡುಗಿ ಹಿಂದೆ ಬೀಳೋರು ಎಲ್ಲಾ ಗಂಡಸರು. ಕುರಿ ಮೇಯಿಸೋ ಹುಡುಗಿಗೆ ಕುರಿ ಇದೆ, ಬಡ್ಡಿಗೆ ಕೊಡೋ ಹೆಂಗಸಿಗೆ ವ್ಯವಹಾರ ಇದೆ, ತಮ್ಮಣ್ಣನ ಹೆಂಡತಿಗೆ ಮನೆ ಇದೆ. ಸುಳ್ಳಲ್ಲ, ಊರು ಇರೋದೇ ಹಾಗೆ. ನಮ್ಮೂರಲ್ಲೂ ಅರಳಿಕಟ್ಟೆ ಮೇಲೆ ಗಂಡಸರು ಮಧ್ಯಾಹ್ನ ಪೂರ್ತಿ ಕೂತಿರ್ತಿದ್ರು. ಅವ್ವ ಕೂತರೂ ಮುಂದೆ ಮೊರ ಇರ್ತಿತ್ತು, ಮೊರದಲ್ಲಿ ಅಕ್ಕಿ. ಚಿತ್ರ ಇದನ್ನೆಲ್ಲ ಕಣ್ಣಿಟ್ಟು ನೋಡುತ್ತೆ, ಆದ್ರೆ ಆ ಹೆಂಗಸರ ಜೊತೆ ನಿಲ್ಲಲ್ಲ. ಗಡ್ಡಪ್ಪನ ಒಂದು ನಡಿಗೆಗೆ ಕೊಟ್ಟಷ್ಟು ಹೊತ್ತು ತಮ್ಮಣ್ಣನ ಹೆಂಡತಿಗೂ ಕೊಟ್ಟಿದ್ರೆ, ಬಾಡೂಟಕ್ಕೆ ಕೂತ ಊರಿಗೆಲ್ಲ ಅವಳ ದಿನ ಹೇಗೆ ಸವೆದಿರಬಹುದು ಅನ್ನೋದನ್ನೂ ನೋಡಬಹುದಿತ್ತು.