‘ಗೂಡು’ ಯಾವ ಭಾಷೆಯ ಪದ? ಸಾದಲಿ ಸೀಮೆಯ ಮಾತು ಮತ್ತು ಆಧಾರಭಾಷೆಯ ಪರಿಕಲ್ಪನೆ

ಭಾಷಾಮಿಶ್ರಣದ ಅಧ್ಯಯನಗಳಲ್ಲಿ ಮೈಯರ್ಸ್-ಸ್ಕಾಟನ್ ಅವರು 1993ರಲ್ಲಿ ಮಂಡಿಸಿದ ಆಧಾರಭಾಷೆಯ ಮಾದರಿ ಇಂದಿಗೂ ಬಳಕೆಯಲ್ಲಿದೆ. ಮಿಶ್ರವಾಕ್ಯಕ್ಕೆ ಚೌಕಟ್ಟು ಒದಗಿಸುವ ಭಾಷೆ ಒಂದೇ. ಆಕೃತಿಮಾಗಳ ಅನುಕ್ರಮ ಹಾಗೂ ವ್ಯಾಕರಣಿಕ ಪ್ರತ್ಯಯಗಳಿಂದ ಅದನ್ನು ಗುರುತಿಸಬಹುದು ಎಂಬುದು ಅದರ ತಿರುಳು. ಮುಖ್ಯವಾಗಿ ಸ್ವಾಹಿಲಿ–ಇಂಗ್ಲಿಷ್ ಮಾತನ್ನು ಆಧರಿಸಿದ ಈ ಮಾದರಿ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂತಹ ಊರಿಗೆ ಹಾಗೆಯೇ ಒಗ್ಗದು ಎಂಬುದು ನಮ್ಮ ವಾದ.

ಈ ಸೀಮೆಯಲ್ಲಿ ಅನೇಕರ ಮನೆಮಾತು ತೆಲುಗು. ಶಾಲೆ, ಕಚೇರಿಗಳಲ್ಲಿ ಕನ್ನಡ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇವೆರಡರೊಂದಿಗೆ ದಖನಿ ಉರ್ದು. ‘ಗೂಡು’ ಕನ್ನಡಕ್ಕೂ ತೆಲುಗಿಗೂ ಸೇರಿದ ಪದ. ‘ಗೂಡುಗಳು’, ‘ಗೂಳ್ಳು’ ಎಂದು ಪ್ರತ್ಯಯ ಹತ್ತಿದಾಗಲೇ ಅದರ ಭಾಷೆ ತಿಳಿಯುತ್ತದೆ. ವಿವರಣೆಗಾಗಿ ನಾವು ರಚಿಸಿಕೊಂಡ ಮೂರು ವಾಕ್ಯಗಳನ್ನು ಗಮನಿಸಬಹುದು:

ಕನ್ನಡ: ಗೂಡು ಮಾರ್ಕೆಟ್ಟಿಗೆ ತಗೊಂಡು ಹೋದ್ವಿ.
ತೆಲುಗು: ಗೂಡು ಮಾರ್ಕೆಟ್‌ಕು ತೀಸ್ಕೊನಿ ಪೋಯಾಮು.
ದಖನಿ: ಗೂಡು ಮಾರ್ಕೆಟ್‌ಕು ಲೇಕೆ ಗಯೇ.

ಮೂರರಲ್ಲೂ ಪದಕ್ರಮ ಒಂದೇ ಆದುದರಿಂದ ಅನುಕ್ರಮದ ಪರೀಕ್ಷೆ ಇಲ್ಲಿ ಏನನ್ನೂ ಹೇಳದು. ಪ್ರತ್ಯಯದ ಪರೀಕ್ಷೆಯೂ ಅರ್ಧಕ್ಕೆ ನಿಲ್ಲುತ್ತದೆ: ತೆಲುಗಿನ ಚತುರ್ಥಿಯೂ ದಖನಿಯ ಚತುರ್ಥಿಯೂ ‘ಕು’ ಎಂದೇ ಕೇಳಿಸುತ್ತವೆ. ಕ್ರಿಯಾಪದವು ನಿರ್ಣಯಿಸುತ್ತದಲ್ಲವೇ ಎಂಬ ಆಕ್ಷೇಪ ಸಾಧುವೇ. ಆದರೆ ಅದು ತಿಳಿಸುವುದು ವಾಕ್ಯ ಯಾವ ಭಾಷೆಯಲ್ಲಿ ಮುಗಿಯಿತು ಎಂಬುದನ್ನು. ಮೊದಲಿನಿಂದಲೂ ಅದೇ ಭಾಷೆಯಲ್ಲಿತ್ತು ಎಂಬುದನ್ನಲ್ಲ.

ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಕನ್ನಡ, ಮರಾಠಿ, ಉರ್ದುಗಳ ವ್ಯಾಕರಣಗಳು ಪರಸ್ಪರ ಸಮೀಪಿಸಿ, ಪದಕೋಶಗಳು ಬೇರೆಯಾಗಿಯೇ ಉಳಿದುದನ್ನು ತೋರಿಸಿದರು. ಸಾದಲಿ ಸೀಮೆಯಲ್ಲಿ ಪದಕೋಶದ ಗಡಿಯೂ ಅಷ್ಟು ಸ್ಪಷ್ಟವಲ್ಲ.

ಇದು ಕೇವಲ ಪರಿಭಾಷೆಯ ಜಗಳವಲ್ಲ. ಜನಗಣತಿ ಒಬ್ಬರಿಗೆ ಒಂದೇ ಮಾತೃಭಾಷೆಯನ್ನು ನಮೂದಿಸುತ್ತದೆ. ಗೊತ್ತಿರುವ ಇತರ ಭಾಷೆಗಳಿಗೆ ಎರಡೇ ಸ್ಥಾನ. ಮಗುವಿನ ಮಾತನ್ನು ‘ಕಲಬೆರಕೆ’ ಎಂದು ತಿದ್ದುವಾಗಲೂ, ಶುದ್ಧವಾದ ಎರಡು ಭಾಷೆಗಳು ಮೊದಲಿದ್ದು ಆಮೇಲೆ ಬೆರೆತವೆಂಬ ನಂಬಿಕೆಯೇ ಕೆಲಸ ಮಾಡುತ್ತದೆ. ನಮ್ಮ ವಿಶ್ಲೇಷಣೆಗಳು ಅದೇ ನಂಬಿಕೆಗೆ ಶಾಸ್ತ್ರದ ಮುದ್ರೆ ಒತ್ತಬಾರದು.

ಆದ್ದರಿಂದ, ಇಂತಹ ಮಾತನ್ನು ಲಿಪ್ಯಂತರಿಸುವ ಸಂಶೋಧಕರಿಗೆ ನಮ್ಮ ಸೂಚನೆ ಒಂದೇ: ‘ಗೂಡು’ವಿನಂತಹ ಪದಗಳನ್ನು ಬಲವಂತವಾಗಿ ಒಂದು ಭಾಷೆಯ ಲೆಕ್ಕಕ್ಕೆ ಬರೆಯದೆ ‘ಉಭಯ’ ಎಂದೇ ಗುರುತಿಸಬೇಕು. ಆಗ ಅನಿರ್ಣೀತವಾಗಿ ಉಳಿಯುವ ಪ್ರಮಾಣವೇ ಸಾಮಗ್ರಿಯ ಮುಖ್ಯ ಫಲಿತಗಳಲ್ಲಿ ಒಂದಾಗುತ್ತದೆ.